ಕಾರ್ಖಾನೆಯವರ ಪಾರ್ಕ್ ಆಮೇಲೆ, ಮೊದಲು ನೀರಿನ ಲೆಕ್ಕ

ಎರಡನೇ ಅಡ್ಡರಸ್ತೆ, ಮೂಲೆ ಮನೆ:
ಎಲ್ಲರಿಗೂ ನಮಸ್ಕಾರ. ತಂಪು ಪಾನೀಯದ ಕಾರ್ಖಾನೆಯವರು ಸಿಎಸ್‌ಆರ್ (ಕಂಪನಿಗಳು ಸಮಾಜದ ಕೆಲಸಕ್ಕೆ ಖರ್ಚು ಮಾಡೋ) ಹಣದಲ್ಲಿ ಪಾರ್ಕ್ ಮಾಡಿಕೊಡ್ತಾರಂತೆ, ಭಾನುವಾರದ ಸಭೆಯಲ್ಲಿ ಒಪ್ಪಿಗೆ ಬೇಕಂತೆ. ಈಗಲೇ ಒಪ್ಪೋದು ಬೇಡ ಅಂತೀನಿ. ನಮ್ಮ ಸಾಲಿನ ಬೋರ್‌ವೆಲ್‌ಗಳು ಒಂದೊಂದಾಗಿ ಬತ್ತುತ್ತಿವೆ. ದಿನಕ್ಕೆ ಎಷ್ಟು ನೀರು ಎತ್ತುತ್ತೀರಿ ಅಂತ ಕೇಳಿದ್ದಕ್ಕೆ ಮಾತ್ರ ಉತ್ತರ ಇಲ್ಲ.

ನಾಲ್ಕನೇ ಅಡ್ಡರಸ್ತೆ:
ಸರ್, ಮಳೆ ಕೈಕೊಟ್ಟಿದ್ದೂ ಕಾರಣ ಇರಬಹುದಲ್ವಾ? ನನ್ನ ತಮ್ಮ ಅಲ್ಲೇ ದುಡೀತಾನೆ. ಕಾರ್ಖಾನೆ ಮುಚ್ಚಿಸೋ ಮಾತಾದರೆ ನಾನಿಲ್ಲ.

ಮೂಲೆ ಮನೆ:
ಮುಚ್ಚಿಸಿ ಅಂತ ಯಾರೂ ಹೇಳ್ತಿಲ್ಲಮ್ಮ. ಮಳೆಯೂ ಕಾರಣ ಇರಬಹುದು, ಅದಕ್ಕೇ ಲೆಕ್ಕ ಬೇಕು. ಕೇರಳದ ಪ್ಲಾಚಿಮಡದಲ್ಲಿ ಕೋಕಾ-ಕೋಲಾ ಘಟಕ ಶುರುವಾಗಿದ್ದು 2000ದಲ್ಲಿ. ಬಾವಿ ನೀರು ಕೆಟ್ಟಿತು ಅಂತ ಮಯಿಲಮ್ಮ ಮತ್ತು ಊರಿನ ಆದಿವಾಸಿ ಹೆಂಗಸರು ಹೋರಾಟಕ್ಕೆ ಕೂತರು. 2003ರಲ್ಲಿ ಪೆರುಮಾಟ್ಟಿ ಪಂಚಾಯಿತಿ ಲೈಸೆನ್ಸ್ ನವೀಕರಿಸಲಿಲ್ಲ, 2004ರ ಮಾರ್ಚ್‌ನಲ್ಲಿ ಉತ್ಪಾದನೆ ನಿಂತಿತು. 2010ರಲ್ಲಿ ಸರ್ಕಾರ ನೇಮಿಸಿದ ಸಮಿತಿ ಊರಿಗಾದ ನಷ್ಟ 216 ಕೋಟಿ ರೂಪಾಯಿ ಅಂದಿತು. ಪರಿಹಾರಕ್ಕೆ ನ್ಯಾಯಮಂಡಳಿ ರಚಿಸೋ ಮಸೂದೆ 2011ರಲ್ಲಿ ವಿಧಾನಸಭೆಯಲ್ಲಿ ಪಾಸಾಯ್ತು, ರಾಷ್ಟ್ರಪತಿಗಳ ಅಂಕಿತ ಸಿಗಲಿಲ್ಲ. ಕೆಲಸವೂ ಹೋಯ್ತು, ಆ ಪರಿಹಾರವೂ ಬರಲಿಲ್ಲ. ಈಗಲೇ ಕೇಳಿದರೆ ನಿಮ್ಮ ತಮ್ಮನ ಕೆಲಸಕ್ಕೂ ಒಳ್ಳೇದು.

ಬಿ ಬ್ಲಾಕ್, ನಿವೃತ್ತ ಎಂಜಿನಿಯರ್:
ಕಾರ್ಖಾನೆಯವರ ಪತ್ರದಲ್ಲಿ 'ಬಳಸಿದಷ್ಟೂ ನೀರನ್ನು ಭೂಮಿಗೆ ಮರಳಿಸುತ್ತೇವೆ' ಅಂತಿದೆ. ಯಾವ ಭೂಮಿಗೆ? ಇಲ್ಲಿ ಎತ್ತಿದ್ದಕ್ಕೆ ಇನ್ನೆಲ್ಲೋ ಕೆರೆ ಹೂಳೆತ್ತಿ ಲೆಕ್ಕ ಸರಿದೂಗಿಸಿದರೆ ನಮ್ಮ ಬೋರ್‌ಗೆ ಒಂದು ಹನಿಯೂ ಬರಲ್ಲ. ರಾಜಸ್ಥಾನದ ಕಾಲಾಡೇರದ ಕೋಕಾ-ಕೋಲಾ ಘಟಕದ ಬಗ್ಗೆ ಟೆರಿ ಅನ್ನೋ ಸಂಶೋಧನಾ ಸಂಸ್ಥೆ 2008ರಲ್ಲಿ ಕೊಟ್ಟ ವರದಿ ನೆನಪಿದೆ. ನೀರಿನ ಕೊರತೆ ಇರೋ ಜಾಗ, ಬೇರೆ ಕಡೆಯಿಂದ ನೀರು ತನ್ನಿ, ಇಲ್ಲ ಘಟಕ ಬೇರೆಡೆಗೆ ಒಯ್ಯಿರಿ, ಮುಚ್ಚೋದೂ ಒಂದು ದಾರಿ ಅಂದಿತ್ತು. ಆ ಅಧ್ಯಯನಕ್ಕೆ ಹಣ ಕೊಟ್ಟಿದ್ದು ಕೋಕಾ-ಕೋಲಾ ಕಂಪನಿಯೇ. ಅಂಥ ಸ್ವತಂತ್ರ ಪರೀಕ್ಷೆ ಇಲ್ಲೂ ಆಗಲಿ, ವರದಿ ನಮ್ಮ ಕೈಗೂ ಬರಲಿ.

ಒಂದನೇ ಅಡ್ಡರಸ್ತೆ, ವಕೀಲರ ಮನೆ:
ಸಿಎಸ್‌ಆರ್ ಯಾರ ಔದಾರ್ಯವೂ ಅಲ್ಲ. 2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ ಪ್ರಕಾರ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷದ ಸರಾಸರಿ ನಿವ್ವಳ ಲಾಭದ ಶೇ. 2ರಷ್ಟು ಖರ್ಚು ಮಾಡಲೇಬೇಕು. ಕೊಳಕು ನೀರು ಶುದ್ಧ ಮಾಡೋದು ಬೇರೆ ಕಾನೂನಿನ ಕರ್ತವ್ಯ, ಅದನ್ನ ಸಿಎಸ್‌ಆರ್ ಲೆಕ್ಕಕ್ಕೆ ಸೇರಿಸೋ ಹಾಗಿಲ್ಲ. ಪಾರ್ಕ್ ಕೊಟ್ಟರು ಅಂತ ನೀರಿನ ಪ್ರಶ್ನೆ ಬಿಡಬೇಕಿಲ್ಲ. ಅಂತರ್ಜಲ ಎತ್ತೋಕೆ ಬೇಕಾದ ಅನುಮತಿ, ಅಂದರೆ ಎನ್‌ಒಸಿ, ಮೀಟರ್ ರೀಡಿಂಗ್ ಎರಡಕ್ಕೂ ಆರ್‌ಟಿಐ ಅರ್ಜಿ ನಾನೇ ಬರೀತೀನಿ.

ನಾಲ್ಕನೇ ಅಡ್ಡರಸ್ತೆ:
ಹಾಗಾದ್ರೆ ಸರಿ ಸರ್. ನಾವು ಕಾರ್ಖಾನೆಗೆ ಕೊಡೋ ಪತ್ರದಲ್ಲಿ 'ಕಾರ್ಮಿಕರ ಕೆಲಸಕ್ಕೆ ಧಕ್ಕೆ ಆಗಬಾರದು' ಅಂತ ಒಂದು ಸಾಲು ಸೇರಿಸಿ, ಮೊದಲ ಸಹಿ ನಂದೇ.

ಮೂಲೆ ಮನೆ:
ಖಂಡಿತ ಸೇರಿಸ್ತೀನಿ. ಎಂಜಿನಿಯರ್ ಸಾಹೇಬ್ರೇ, ಶನಿವಾರ ಬೋರ್‌ಗಳ ನೀರಿನ ಮಟ್ಟ ಅಳೆಯೋಕೆ ಬರ್ತೀರಾ? ಪ್ರತಿ ರಸ್ತೆಯಿಂದ ಒಬ್ಬರು ಜೊತೆಗಿರಿ, ಹೆಸರು ಇಲ್ಲೇ ಹಾಕಿ.