ತುರ್ತು: ‘ಪ್ರೊಫೆಷನಲ್’ ಆಟಗಾರನಿಗೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ನಾಳೆ ಬೆಳಿಗ್ಗೆ ಎಂಟಕ್ಕೆ ಒಂದು ಫಲಕ ಪ್ರಿಂಟಿಗೆ ಹೋಗಬೇಕು. ಒಂದು ಪದಕ್ಕೆ ಸಿಕ್ಕಿಕೊಂಡು ಕೂತಿದ್ದೇನೆ. ನಾನಿರುವುದು ನ್ಯೂಜೆರ್ಸಿಯ ಹೊಬೋಕನ್‌ನಲ್ಲಿ. ಇಲ್ಲಿನ ಭಾನುವಾರದ ಕನ್ನಡ ತರಗತಿಯ ಮಕ್ಕಳು ಊರಿನ ಚರಿತ್ರೆಯ ಫಲಕ ಮಾಡುತ್ತಿದ್ದಾರೆ, ನನ್ನ ಪಾಲಿಗೆ ಬಂದವನು ಹ್ಯಾರಿ ರೈಟ್. 1835ರಲ್ಲಿ ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಹುಟ್ಟಿ ಚಿಕ್ಕಂದಿನಲ್ಲೇ ನ್ಯೂಯಾರ್ಕಿಗೆ ಬಂದವನು. ಅಪ್ಪ ಸೇಂಟ್ ಜಾರ್ಜ್ ಕ್ರಿಕೆಟ್ ಕ್ಲಬ್ಬಿನಲ್ಲಿ ಸಂಬಳಕ್ಕಿದ್ದ ಕ್ರಿಕೆಟಿಗ. ಮಗನೂ ಕ್ರಿಕೆಟ್ಟೇ ಆಡುತ್ತ ಬೆಳೆದು, 1858ರಲ್ಲಿ ಇದೇ ಊರಿನ ಎಲಿಸಿಯನ್ ಫೀಲ್ಡ್ಸ್‌ನಲ್ಲಿ ಆಡುತ್ತಿದ್ದ ನಿಕರ್‌ಬಾಕರ್ ಬೇಸ್‌ಬಾಲ್ ಕ್ಲಬ್ಬಿಗೆ ಸೇರಿದ. 1865ರಲ್ಲಿ ಸಿನ್ಸಿನಾಟಿಯ ಕ್ರಿಕೆಟ್ ಕ್ಲಬ್ಬು 1200 ಡಾಲರ್ ಸಂಬಳಕ್ಕೆ ಕರೆಸಿಕೊಂಡಿತು. 1869ರಲ್ಲಿ ಆ ಊರಿನ ರೆಡ್ ಸ್ಟಾಕಿಂಗ್ಸ್ ಬೇಸ್‌ಬಾಲ್ ತಂಡ ಹತ್ತೂ ಜನರಿಗೆ ಸಂಬಳ ಗೊತ್ತುಮಾಡಿ ಊರೂರು ತಿರುಗಿ 57 ಪಂದ್ಯ ಗೆದ್ದಿತು, ಒಂದನ್ನೂ ಸೋಲಲಿಲ್ಲ. ನಾಯಕ ಹ್ಯಾರಿಯೇ.

‘ಮೊದಲ ವೃತ್ತಿಪರ ತಂಡ’ ಎಂದು ಬರೆದಿದ್ದೆ. ಫೋನಿನಲ್ಲಿ ಓದಿ ಹೇಳಿದಾಗ ಅಮ್ಮ ಕೇಳಿದರು: “ಅಂದ್ರೆ ಅದಕ್ಕಿಂತ ಮುಂಚಿನವ್ರು ಸರಿಯಾಗಿ ಆಡ್ತಿರ್ಲಿಲ್ವೇನೇ?” ಆಮೇಲೆ ಆ ಪದವನ್ನು ಹಾಗೇ ಬಿಡಲು ಮನಸ್ಸಾಗುತ್ತಿಲ್ಲ. ದಯವಿಟ್ಟು ಬೇಗ ಹೇಳಿ.

*

ಮೈಸೂರಿನಿಂದ:

ನಿಮ್ಮ ತಾಯಿಯವರು ಸರಿಯಾಗಿಯೇ ಕೇಳಿದ್ದಾರೆ. ಉತ್ತರಪದವಾಗಿ ನಿಂತ ‘ಪರ’ಕ್ಕೆ ‘ಅದರಲ್ಲೇ ನಿಷ್ಠೆಯುಳ್ಳ’ ಎಂಬ ಅರ್ಥ. ವೃತ್ತಿಪರ ಎಂದರೆ ಕೆಲಸದಲ್ಲಿ ಶಿಸ್ತುಳ್ಳವನು, ಹಣದ ಮಾತು ಅಲ್ಲಿಲ್ಲ. ನಮ್ಮಲ್ಲಿ ಒಳ್ಳೆಯ ಜೋಡಿ ಆಗಲೇ ಇದೆ: ವೃತ್ತಿ ರಂಗಭೂಮಿ, ಹವ್ಯಾಸಿ ರಂಗಭೂಮಿ. ನಾಟಕ ಕಂಪನಿಗಳ ಕಾಲದಿಂದ ಬಂದ ಭೇದ. ‘ವೃತ್ತಿ ಆಟಗಾರ’ ಎನ್ನಿ, ಮುಗಿಯಿತು.

*

ಶಿವಮೊಗ್ಗದಿಂದ:

ಮುಗಿಯಲಿಲ್ಲ. ಕನ್ನಡದ ಮಕ್ಕಳಿಗೆ ಬರೆಯುವಾಗಲೂ ಸಂಸ್ಕ್ರುತದ ಬಾಗಿಲು ತಟ್ಟಬೇಕೇ? ‘ಕಸುಬಾಟಗಾರ’ ಎನ್ನಿ. ನೆಲದ ಪದ, ಎಲ್ಲರ ಬಾಯಲ್ಲಿರುವ ಪದ. ಬೇಸ್‌ಬಾಲಿಗೆ ‘ನೆಲೆಚೆಂಡು’, ಪಿಚರ್‌ಗೆ ‘ಎಸೆಗಾರ’. ಪದಕಟ್ಟಣೆಯ ಕಸುವು ನಮ್ಮ ಬಾಶೆಗಿದೆ, ನಮಗೆ ನಂಬಿಕೆಯಿಲ್ಲ ಅಶ್ಟೆ.

*

ಮೈಸೂರಿನಿಂದ:

ಕಸುಬು ನೆಲದ ಪದವಲ್ಲ. ಅರಬ್ಬಿಯ ‘ಕಸ್ಬ್’, ಗಳಿಕೆ ಎಂದರ್ಥ. ನಿಘಂಟು ತೆಗೆದು ನೋಡಿ ಬರೆಯಿರಿ.

*

ಕುಂದಾಪುರದಿಂದ:

ತಂಗೀ, ನಮ್ಮ ಕಡೆ ‘ಆಟ’ ಅಂದರೆ ಯಕ್ಷಗಾನವೇ, ಹಾಗಾಗಿ ಈ ಪ್ರಶ್ನೆ ನಮಗೆ ಹಳೆಯದು. ದೀಪಾವಳಿ ಕಳೆದ ಮೇಲೆ ಮೇಳ ಹೊರಟರೆ ಪತ್ತನಾಜೆಯವರೆಗೆ, ಅಂದರೆ ಮೇ ಕೊನೆಯವರೆಗೆ, ತಿರುಗಾಟ. ಅಷ್ಟು ತಿಂಗಳಿಗೆ ಇಷ್ಟು ಸಂಬಳ ಅಂತ ಮೊದಲೇ ಮಾತಾಗುತ್ತದೆ, ಮುಂಗಡವೂ ಇರುತ್ತದೆ. ಅಂಥವರನ್ನು ‘ಮೇಳದವರು’ ಅನ್ನುತ್ತೇವೆ, ಊರಲ್ಲಿ ವರ್ಷಕ್ಕೊಮ್ಮೆ ವೇಷ ಹಾಕುವವರು ‘ಹವ್ಯಾಸಿಗಳು’. ನಿನ್ನ ಹ್ಯಾರಿಯ ತಂಡಕ್ಕೂ ಮಾರ್ಚ್ 15ರಿಂದ ನವೆಂಬರ್ 15ರವರೆಗೆ ಒಪ್ಪಂದವಿತ್ತು ಅಂತ ಓದಿದ್ದೇನೆ. ಅದು ತಿರುಗಾಟವೇ. ಮೇಳದವರಲ್ಲಿ ಕೆಲವರು ಚೆನ್ನಾಗಿ ಕುಣಿಯುತ್ತಾರೆ, ಕೆಲವರು ಇಲ್ಲ. ಪದಕ್ಕೂ ಚೆನ್ನಾಗಿ ಆಡುವುದಕ್ಕೂ ಸಂಬಂಧವಿಲ್ಲ, ಹೊಟ್ಟೆಪಾಡು ಎಲ್ಲಿಂದ ಅನ್ನುವುದಷ್ಟೇ.

*

ಶಿವಮೊಗ್ಗದಿಂದ:

ಅರಬ್ಬಿಯಿಂದ ಬಂದಿರಬಹುದು. ಉಳುವವರು, ನೇಯುವವರು ನೂರಾರು ವರುಶ ಬಾಯಲ್ಲಿ ಸವೆಸಿ ಅದನ್ನು ಕನ್ನಡ ಮಾಡಿದ್ದಾರೆ. ‘ವ್ರುತ್ತಿ’ಯನ್ನು ಯಾರು ಸವೆಸಿದರು? ಅದು ಇಂದಿಗೂ ಪುಸ್ತಕದಿಂದ ಇಳಿದಿಲ್ಲ.

*

ಬೆಂಗಳೂರಿನಿಂದ:

ಬಾಯಲ್ಲಿ ಸವೆದದ್ದೆಲ್ಲ ಕನ್ನಡ ಎಂದಾದರೆ ‘ಪ್ರೊಫೆಷನಲ್’ ಕೂಡ ಸವೆಯುತ್ತಿದೆ, ಬಿಡಿ ಅದನ್ನು. ಮೂವತ್ತು ವರ್ಷ ಪತ್ರಿಕೆಯ ಕ್ರೀಡಾಪುಟ ನೋಡಿಕೊಂಡವನು ನಾನು. ‘ದಾಂಡಿಗ’ ನಿಂತಿತು, ವಿಕೆಟ್‌ಗೆ ಹಾಕಿದ ‘ಹುದ್ದರಿ’ ಶೀರ್ಷಿಕೆಯಲ್ಲಿ ಮಾತ್ರ ಉಳಿಯಿತು, ವಿಕೆಟ್‌ಕೀಪರ್ ಆದ ‘ಗೂಟರಕ್ಷಕ’ನನ್ನು ಮೈದಾನದಲ್ಲಿ ಒಬ್ಬ ಹುಡುಗನೂ ಹಾಗೆ ಕರೆದದ್ದು ಕೇಳಿಲ್ಲ. ‘ನೆಲೆಚೆಂಡು’ ಓದಿದ ಮಗು ನೆಲದಲ್ಲಿ ಉರುಳಿಸುವ ಚೆಂಡು ಎಂದುಕೊಳ್ಳುತ್ತದೆ. ಬೇಡ.

ಇನ್ನೊಂದು ಮಾತು. ಇಂಗ್ಲೆಂಡಿನ ಕ್ರಿಕೆಟ್‌ನಲ್ಲಿ 1962ರವರೆಗೂ ‘ಜಂಟಲ್‌ಮೆನ್’ ಎಂದರೆ ದುಡ್ಡು ಪಡೆಯದವರು, ‘ಪ್ಲೇಯರ್ಸ್’ ಎಂದರೆ ಪಡೆಯುವವರು. ಅಲ್ಲಿ ‘ಆಟಗಾರ’ ಎಂಬ ಬರೀ ಪದಕ್ಕೇ ಸಂಬಳದ ಅರ್ಥವಿತ್ತು. ಹ್ಯಾರಿ ಹುಟ್ಟಿದ್ದು ಅಂಥ ಆಟಗಾರನ ಮನೆಯಲ್ಲಿ. ಸಂಬಳ ತೆಗೆದುಕೊಳ್ಳುವುದು ಅವನಿಗೆ ಹೊಸದೂ ಅಲ್ಲ, ನಾಚಿಕೆಯೂ ಅಲ್ಲ. ಹಾಗಾದರೆ ನಿಮ್ಮ ವಾಕ್ಯದಲ್ಲಿ ‘ಮೊದಲ’ ಎನ್ನುವುದು ಯಾವುದಕ್ಕೆ?

*

ಹೊಬೋಕನ್‌ನಿಂದ:

ಸರ್, ನನ್ನನ್ನು ಕಾಡಿದ್ದೂ ಅದೇ. ಅಮೆರಿಕದ ಬೇಸ್‌ಬಾಲ್ ಕ್ಲಬ್ಬುಗಳ ಸಂಘ 1869ಕ್ಕೆ ಮುಂಚೆ ಆಟಗಾರರಿಗೆ ದುಡ್ಡು ಕೊಡುವುದನ್ನು ನಿಷೇಧಿಸಿತ್ತು. ಆದರೂ ಕೊಡುತ್ತಿದ್ದರು, ಕದ್ದು. ಹ್ಯಾರಿಯ ತಮ್ಮ ಜಾರ್ಜ್ 1867ರಲ್ಲಿ ವಾಷಿಂಗ್ಟನ್ನಿನ ನ್ಯಾಷನಲ್ಸ್ ತಂಡದಲ್ಲಿದ್ದಾಗ ಪಟ್ಟಿಯಲ್ಲಿ ಅವನ ಉದ್ಯೋಗ ಗುಮಾಸ್ತ ಎಂದಿತ್ತು, ಕಚೇರಿಯ ವಿಳಾಸ ಪೆನ್ಸಿಲ್ವೇನಿಯಾ ಅವೆನ್ಯೂ 238. ಆ ಜಾಗದಲ್ಲಿ ಇದ್ದದ್ದು ಪಾರ್ಕು! ಎರಡೇ ವರ್ಷಕ್ಕೆ ಅದೇ ಜಾರ್ಜ್ ಅಣ್ಣನ ತಂಡದಲ್ಲಿ 1400 ಡಾಲರ್ ಪಡೆದ, ಅಣ್ಣನಿಗಿಂತ 200 ಹೆಚ್ಚು, ಎಲ್ಲರಿಗೂ ಗೊತ್ತಿರುವಂತೆ. ಹೊಸದೇನಿದ್ದರೂ ಈ ಮುಚ್ಚುಮರೆಯಿಲ್ಲದ್ದು. ನಾನು ತಪ್ಪು ಪದಕ್ಕೆ ಕನ್ನಡ ಹುಡುಕುತ್ತಿದ್ದೆ, ವಾಕ್ಯದ ಜೀವ ‘ಬಹಿರಂಗ’ದಲ್ಲಿದೆ.

ಹೀಗೆ ಬರೆದಿದ್ದೇನೆ: ‘ಸಂಬಳಕ್ಕೆ ಆಡುತ್ತೇವೆಂದು ಬಹಿರಂಗವಾಗಿ ಹೇಳಿದ ಮೊದಲ ಬೇಸ್‌ಬಾಲ್ ತಂಡ.’ ಮುಂದಿನ ಸಾಲುಗಳಲ್ಲಿ ಮೈಸೂರಿನ ಮೇಷ್ಟ್ರು ಹೇಳಿದ ‘ವೃತ್ತಿ ಆಟಗಾರ’ ಇರುತ್ತದೆ. ಕುಂದಾಪುರದ ಅಣ್ಣನ ‘ತಿರುಗಾಟ’ವನ್ನೂ ತೆಗೆದುಕೊಂಡೆ.

*

ಶಿವಮೊಗ್ಗದಿಂದ:

‘ಬಹಿರಂಗ’ವೂ ಸಂಸ್ಕ್ರುತ. ‘ಮುಚ್ಚಿಡದೆ ಹೇಳಿದ’ ಎನ್ನಬಹುದಿತ್ತು.

*

ಮೈಸೂರಿನಿಂದ:

ಈ ಒಂದು ಸಲ ಒಪ್ಪುತ್ತೇನೆ. ‘ಮುಚ್ಚಿಡದೆ’ ಚೆನ್ನಾಗಿದೆ. ‘ಸಂಸ್ಕೃತ’ದ ಕಾಗುಣಿತ ಮಾತ್ರ ಒಪ್ಪುವುದಿಲ್ಲ.

*

ಹೊಬೋಕನ್‌ನಿಂದ:

ತೆಗೆದುಕೊಂಡೆ: ‘ಸಂಬಳಕ್ಕೆ ಆಡುತ್ತೇವೆಂದು ಮುಚ್ಚಿಡದೆ ಹೇಳಿದ ಮೊದಲ ಬೇಸ್‌ಬಾಲ್ ತಂಡ.’ ಅಮ್ಮನಿಗೆ ಓದಿದೆ, ಈ ಸಲ ಪ್ರಶ್ನೆ ಬರಲಿಲ್ಲ.

ಚಿತ್ರದ ಕೆಳಗೂ ಒಂದು ಸಾಲು ಸೇರಿಸಿದ್ದೇನೆ. ತಂಡದ ಹಳೆಯ ಫೋಟೊದಲ್ಲಿ ಅಂಗಿಯ ಎದೆಯ ಮೇಲೆ ‘ಸಿ’ ಅಕ್ಷರ, ಮೊಣಕಾಲಿನವರೆಗಿನ ಚಡ್ಡಿ, ಕೆಳಗೆ ಉದ್ದದ ಕಾಲುಚೀಲ. ಹೆಸರು ಕೆಂಪು ಕಾಲುಚೀಲದ್ದು, ಫೋಟೊದಲ್ಲಿ ಅದು ಕಪ್ಪಗೆ ಕಾಣುತ್ತದೆ, ಮಕ್ಕಳು ಕೇಳಿಯೇ ಕೇಳುತ್ತಾರೆ.

ಉಳಿದಿರುವುದು ಜಾರ್ಜ್ ನಿಲ್ಲುತ್ತಿದ್ದ ಜಾಗ, ಶಾರ್ಟ್‌ಸ್ಟಾಪ್. ಎರಡನೇ ಮತ್ತು ಮೂರನೇ ಬೇಸ್‌ಗಳ ನಡುವೆ ನಿಂತು ಬರಿಗೈಯಲ್ಲಿ ಚೆಂಡು ತಡೆಯುತ್ತಿದ್ದ. ಪದ ಹೊಳೆದರೆ ಇಲ್ಲಿಯ ರಾತ್ರಿ ಹನ್ನೊಂದರೊಳಗೆ ಬರೆಯಿರಿ. ಇಲ್ಲವಾದರೆ ಶಾರ್ಟ್‌ಸ್ಟಾಪ್ ಎಂದೇ ಹಾಕಿ ಕಳಿಸುತ್ತೇನೆ.