‘ಔಟ್‌ಕಮ್’ ಅಂದರೆ ಫಲಿತಾಂಶವೇ? ಮಾನಸಿಕ ಆರೋಗ್ಯದ ಕೈಪಿಡಿಗೆ ಕೆಲವು ಪದಗಳು ಬೇಕು

ಬಲ್ಲವರಿಗೆಲ್ಲ ನಮಸ್ಕಾರ.

ಮಾನಸಿಕ ಆರೋಗ್ಯ ಚಿಕಿತ್ಸಾಲಯಗಳ ಸಿಬ್ಬಂದಿಗಾಗಿ ಒಂದು ಕೈಪಿಡಿಯನ್ನು ಕನ್ನಡದಲ್ಲಿ ಸಿದ್ಧಪಡಿಸುತ್ತಿದ್ದೇನೆ. ಓದುವವರು ನರ್ಸ್‌ಗಳು, ಆಪ್ತಸಮಾಲೋಚಕರು, ಹೊರರೋಗಿ ವಿಭಾಗದಲ್ಲಿ ಚೀಟಿ ಬರೆದುಕೊಡುವವರು. ವಿಷಯ ‘ಔಟ್‌ಕಮ್ ಮೆಶರ್‌ಮೆಂಟ್’. ಚಿಕಿತ್ಸೆಗೆ ಬಂದವರಿಗೆ ಪ್ರತಿ ಭೇಟಿಯಲ್ಲೂ ಒಂದು ಚಿಕ್ಕ ಪ್ರಶ್ನಾವಳಿ ಕೊಡುವುದು, ಉತ್ತರಗಳನ್ನು ಕೂಡಿಸುವುದು, ಹಿಂದಿನ ಸಲದ ಮೊತ್ತದ ಪಕ್ಕದಲ್ಲಿಟ್ಟು ನೋಡುವುದು, ಗುಣ ಕಾಣದಿದ್ದರೆ ಚಿಕಿತ್ಸೆಯಲ್ಲಿ ಏನು ಬದಲಿಸಬೇಕು ಎಂದು ಕೂತು ಮಾತಾಡುವುದು. ಕೆಲಸ ಇಷ್ಟೇ. ಅದನ್ನು ಹೇಳುವ ಪದಗಳಲ್ಲೇ ತೊಡಕು.

ನಿಘಂಟಿನಲ್ಲಿ ‘ಔಟ್‌ಕಮ್’ಗೆ ಸಿಗುವುದು ‘ಫಲಿತಾಂಶ’ ಮತ್ತು ‘ಪರಿಣಾಮ’. ಎರಡನೆಯದನ್ನು ಬೇಗ ಕೈಬಿಡಬಹುದು. ಆಸ್ಪತ್ರೆಯ ಮಾತಿನಲ್ಲಿ ‘ಪರಿಣಾಮ’ ಎಂದ ಕೂಡಲೇ ಅದರ ಹಿಂದೆ ‘ಅಡ್ಡ’ವೋ ‘ದುಷ್’ ಎಂಬುದೋ ಬಂದು ನಿಲ್ಲುತ್ತದೆ. ‘ಈ ಮಾತ್ರೆಯಿಂದ ಏನಾದ್ರೂ ಪರಿಣಾಮ ಆಗುತ್ತಾ ಡಾಕ್ಟ್ರೇ?’ ಎಂದು ಕೇಳುವವರು ಒಳ್ಳೆಯದನ್ನು ಕೇಳುತ್ತಿರುವುದಿಲ್ಲ. ‘ಪರಿಣಾಮ ಮಾಪನ’ ಎಂದು ಬರೆದರೆ ಮಾತ್ರೆಯ ತೊಂದರೆಗಳ ಪಟ್ಟಿ ಎಂದೇ ತಿಳಿದಾರು.

‘ಫಲಿತಾಂಶ’ದ ಬಗ್ಗೆ ನನ್ನ ತಕರಾರು ಬೇರೆ. ಅದು ಪರೀಕ್ಷೆಗೂ ಚುನಾವಣೆಗೂ ಸೇರಿದ ಪದ. ಫಲಿತಾಂಶ ಹೊರಬಿತ್ತು ಎಂದರೆ ಇನ್ನು ಮಾಡುವುದಕ್ಕೇನೂ ಉಳಿದಿಲ್ಲ ಎಂದರ್ಥ. ಈ ಅಳತೆಗಳ ಉಪಯೋಗವಿರುವುದು ಮಾತ್ರ ಚಿಕಿತ್ಸೆ ನಡೆಯುತ್ತಿರುವಾಗ, ಇನ್ನೂ ಏನಾದರೂ ಮಾಡಲು ಸಾಧ್ಯವಿರುವಾಗ. ಮನೋಚಿಕಿತ್ಸೆಯಲ್ಲಿ ಈ ಕ್ರಮವನ್ನು ಬಹಳ ವರ್ಷ ಪರೀಕ್ಷಿಸಿದ ಮೈಕೆಲ್ ಲ್ಯಾಂಬರ್ಟ್ ಮತ್ತು ಸಂಗಡಿಗರ ಅಧ್ಯಯನಗಳಲ್ಲಿ, ಚಿಕಿತ್ಸಕರಿಗೆ ಆಗಾಗ ಮೊತ್ತವನ್ನು ತಿಳಿಸುತ್ತಿದ್ದುದರಿಂದ ಹೆಚ್ಚು ಲಾಭವಾದದ್ದು ಸುಧಾರಿಸದೆ ಉಳಿಯುವ ಅಪಾಯದಲ್ಲಿದ್ದವರಿಗೆ. ಚಿಕಿತ್ಸಕರು ಬರೀ ತಮ್ಮ ಅಂದಾಜನ್ನು ನಂಬಿದಾಗ ಅಂಥವರೇ ಕಣ್ಣು ತಪ್ಪಿಸಿಕೊಳ್ಳುತ್ತಾರೆ ಎನ್ನುವುದೂ ಇದೇ ಬಳಗದ ಕೆಲಸದಿಂದ ಗೊತ್ತಾದ ಸಂಗತಿ. ಅಂದಮೇಲೆ ಅಳತೆ ಇರುವುದು ನಡುದಾರಿಯಲ್ಲಿ ಎಚ್ಚರಿಸುವುದಕ್ಕೆ. ‘ಫಲಿತಾಂಶ’ ಎಂಬ ಪದ ಅದನ್ನು ಕೊನೆಗೆ ತಳ್ಳಿಬಿಡುತ್ತದೆ.

ಇನ್ನೊಂದು ಅಪಾಯವೂ ಇದೆ. ‘ನಿಮ್ಮ ಫಲಿತಾಂಶ ಶೇಕಡ ಎಷ್ಟು?’ ಎಂದು ಮೇಲಧಿಕಾರಿ ಆಪ್ತಸಮಾಲೋಚಕರನ್ನು ಕೇಳಲು ಈ ಪದ ದಾರಿ ಮಾಡಿಕೊಡುತ್ತದೆ. ತೀವ್ರ ಖಿನ್ನತೆಯವರನ್ನೇ ಹೆಚ್ಚು ನೋಡುವವರಿಗೂ ಹಗುರ ತೊಂದರೆಯವರನ್ನು ನೋಡುವವರಿಗೂ ಒಂದೇ ಗೆರೆ ಎಳೆದರೆ, ಕಷ್ಟದ ರೋಗಿಗಳನ್ನು ಬೇರೆ ಕಡೆ ಸಾಗಹಾಕುವ ಚಾಳಿ ಶುರುವಾಗುತ್ತದೆ. ಇದಕ್ಕೆ ಪದವೊಂದೇ ಕಾರಣ ಎನ್ನಲಾರೆ. ಆದರೆ ಕುಮ್ಮಕ್ಕು ಕೊಡುವ ಪದವನ್ನು ನಾವಾಗಿಯೇ ಯಾಕೆ ಆರಿಸಿಕೊಳ್ಳಬೇಕು?

‘ಚೇತರಿಕೆ ಮಾಪನ’ ಎಂದು ಗೆಳೆಯರೊಬ್ಬರು ಸೂಚಿಸಿದರು. ಕೇಳಲು ಹಿತವಾಗಿದೆ. ಆದರೆ ಚೇತರಿಸಿಕೊಳ್ಳದವರನ್ನು ಗುರುತಿಸುವುದೇ ಈ ಅಳತೆಯ ಮುಖ್ಯ ಕೆಲಸ. ಹದಗೆಟ್ಟದ್ದನ್ನು ಹಿಡಿಯುವ ಸಾಧನಕ್ಕೆ ಚೇತರಿಕೆಯ ಹೆಸರಿಟ್ಟರೆ ಹೊಂದುವುದಿಲ್ಲ. ‘ಗುಣದ ಅಳತೆ’ಯನ್ನೂ ಯೋಚಿಸಿದೆ, ಅದು ‘ಗುಣಮಟ್ಟ’ದೊಡನೆ ಕಲಸಿಹೋಗುತ್ತದೆ.

ನನ್ನ ಒಲವು ‘ಸ್ಥಿತಿಗತಿ’ಯ ಕಡೆಗೆ. ಈಗ ಹೇಗಿದ್ದಾರೆ, ಯಾವ ಕಡೆಗೆ ಸಾಗುತ್ತಿದ್ದಾರೆ ಎಂಬ ಎರಡೂ ಅದರಲ್ಲಿವೆ. ಮೇಲಕ್ಕೋ ಕೆಳಕ್ಕೋ ಎಂದು ಅದು ಮೊದಲೇ ತೀರ್ಪು ಕೊಡುವುದಿಲ್ಲ. ಒಬ್ಬ ವ್ಯಕ್ತಿಯ ಮಟ್ಟದಲ್ಲಿ ‘ಸ್ಥಿತಿಗತಿಯ ಅಳತೆ’, ಇಡೀ ಚಿಕಿತ್ಸಾಲಯದ ವರ್ಷದ ಲೆಕ್ಕ ಹಾಕುವಾಗ ಬೇಕಿದ್ದರೆ ‘ಫಲಿತಾಂಶ’ ಎಂದು ಎರಡು ಪದ ಇಟ್ಟುಕೊಳ್ಳಬಹುದೇ? ಒಂದೇ ಮೂಲಪದಕ್ಕೆ ಎರಡು ಕನ್ನಡ ಪದ ಬಳಸುವುದನ್ನು ಪಾರಿಭಾಷಿಕ ಪದಕೋಶದವರು ಒಪ್ಪುವುದಿಲ್ಲ ಎಂದು ಬಲ್ಲೆ. ಇಲ್ಲಿ ಕೆಲಸವೇ ಎರಡು ಬಗೆಯದಾದ್ದರಿಂದ ಒಪ್ಪಬಹುದು ಎನಿಸುತ್ತದೆ. ‘ಸ್ಥಿತಿಗತಿ’ಗೆ ಸರ್ಕಾರಿ ಸಮೀಕ್ಷೆಯ ವಾಸನೆ ಇದೆ ಎಂಬ ಆಕ್ಷೇಪ ಈಗಾಗಲೇ ಬಂದಿದೆ. ನಿಮಗೂ ಹಾಗೇ ಅನಿಸಿದರೆ ತಿಳಿಸಿ.

ಇನ್ನು ‘ಸ್ಕೋರ್’. ಇದನ್ನು ‘ಅಂಕ’ ಎಂದು ಬರೆದವರೇ ಹೆಚ್ಚು. ಖಿನ್ನತೆಗೆ ಬಹಳ ಕಡೆ ಬಳಸುವ ಪಿಎಚ್‌ಕ್ಯು-9 ಎಂಬ ಪ್ರಶ್ನಾವಳಿಯನ್ನು ತೆಗೆದುಕೊಳ್ಳಿ. 2001ರಲ್ಲಿ ಪ್ರಕಟವಾದದ್ದು. ಕಳೆದ ಎರಡು ವಾರಗಳ ಬಗ್ಗೆ 9 ಪ್ರಶ್ನೆ, ಒಂದೊಂದಕ್ಕೆ 0ಯಿಂದ 3, ಎಲ್ಲ ಸೇರಿ ಹೆಚ್ಚೆಂದರೆ 27. ಇದರಲ್ಲಿ ಮೊತ್ತ ಹೆಚ್ಚಿದಷ್ಟೂ ಖಿನ್ನತೆ ಹೆಚ್ಚು. ಕನ್ನಡದಲ್ಲಿ ‘ಅಂಕ ಜಾಸ್ತಿ ಬಂತು’ ಎಂದರೆ ಸಂತೋಷಪಡಬೇಕಾದ ಸುದ್ದಿ, ‘ಅಂಕ ಇಳಿಯಿತು’ ಎಂದರೆ ಮನೆಯವರು ಬೈಯಬೇಕಾದ ಸುದ್ದಿ. 18ರಿಂದ 9ಕ್ಕೆ ಬಂದವರಿಗೆ ‘ನಿಮ್ಮ ಅಂಕ ಅರ್ಧಕ್ಕೆ ಇಳಿದಿದೆ’ ಎಂದು ಹೇಳಿ ಅವರ ಮುಖ ನೋಡಿ, ತಿಳಿಯುತ್ತದೆ. ಅದೇ ಜ್ವರ ಇಳಿಯಿತು ಎಂದರೆ ಯಾರಿಗೂ ಗೊಂದಲವಿಲ್ಲ. ಹಾಗಾಗಿ ‘ಅಂಕ’ ಬಿಟ್ಟು ‘ಮೊತ್ತ’ ಎಂದು ಬರೆಯುತ್ತಿದ್ದೇನೆ, ಸಾಧ್ಯವಾದಲ್ಲೆಲ್ಲ ‘ಖಿನ್ನತೆಯ ಮೊತ್ತ’ ಎಂದು ಬಿಡಿಸಿ. ಆದರೆ ಎಲ್ಲ ಪ್ರಶ್ನಾವಳಿಗಳೂ ಹೀಗಿಲ್ಲ. 10 ಸೆಂಟಿಮೀಟರಿನ ನಾಲ್ಕು ಗೆರೆಗಳ ಮೇಲೆ ಗುರುತು ಹಾಕಿಸುವ ಓಆರ್‌ಎಸ್ (ಔಟ್‌ಕಮ್ ರೇಟಿಂಗ್ ಸ್ಕೇಲ್) ಎಂಬ ಅಳತೆಯಲ್ಲಿ ಮೊತ್ತ 40ರ ಕಡೆಗೆ ಏರಿದಷ್ಟೂ ಒಳ್ಳೆಯದು. ಒಂದೇ ಕೈಪಿಡಿಯಲ್ಲಿ ಎರಡೂ ಇರುವುದರಿಂದ ‘ಏರಿಕೆ’, ‘ಇಳಿಕೆ’ ಎಂದಷ್ಟೇ ಬರೆಯುವುದನ್ನು ನಿಲ್ಲಿಸಿ, ಎಲ್ಲ ಕಡೆ ‘ಸುಧಾರಣೆ’, ‘ಹದಗೆಡುವಿಕೆ’ ಎಂದೇ ಹಾಕಿದ್ದೇನೆ.

ಇಲ್ಲಿಗೆ ಸುಲಭದ್ದು ಮುಗಿಯಿತು. ‘ರೆಸ್ಪಾನ್ಸ್’, ‘ರೆಮಿಷನ್’, ‘ರಿಕವರಿ’ ಎಂಬ ಮೂರು ಪದಗಳು ನಿಜವಾಗಿ ಕಾಡುತ್ತಿವೆ. ಮೊದಲ ಭೇಟಿಯ ಮೊತ್ತ ಅರ್ಧಕ್ಕೋ ಅದಕ್ಕಿಂತ ಕೆಳಕ್ಕೋ ಬಂದರೆ ಮೊದಲನೆಯದು. ಪಿಎಚ್‌ಕ್ಯು-9ರಲ್ಲಿ ಮೊತ್ತ 5ಕ್ಕಿಂತ ಕಡಿಮೆಯಾದರೆ ಎರಡನೆಯದು. ಮೂರನೆಯದರ ಅರ್ಥ ಒಂದೊಂದು ಕಡೆ ಒಂದೊಂದು.

‘ರೆಸ್ಪಾನ್ಸ್’ಗೆ ‘ಸ್ಪಂದನೆ’ ಹಾಕಿದರೆ ಪತ್ರಿಕೆಯ ಭಾಷೆ ಅಡ್ಡ ಬರುತ್ತದೆ. ‘ಚಿಕಿತ್ಸೆಗೆ ಸ್ಪಂದಿಸುತ್ತಿದ್ದಾರೆ’ ಎಂದು ನಾವು ಓದುವುದು ತೀವ್ರ ನಿಗಾ ಘಟಕದಲ್ಲಿರುವ ಗಣ್ಯರ ಬಗ್ಗೆ. ಆದರೂ ಅದು ರೂಢಿಯಲ್ಲಿರುವ ನುಡಿ, ಇರಲಿ ಎಂದು ಬಿಟ್ಟಿದ್ದೇನೆ. ‘ರೆಮಿಷನ್’ಗೆ ಕೋಶಗಳು ಹೇಳುವ ‘ಉಪಶಮನ’ವನ್ನು ಮಾತ್ರ ಬಳಸಲಾರೆ. ವಾಸಿಯಾಗದ ಕಾಯಿಲೆಯವರಿಗೆ ನೋವು ತಗ್ಗಿಸುವ ಆರೈಕೆಗೆ ‘ಉಪಶಮನ ಆರೈಕೆ’ ಎಂಬ ಹೆಸರು ನಿಂತುಬಿಟ್ಟಿದೆ. ಖಿನ್ನತೆಯಿಂದ ಹೊರಬಂದವರ ಕಡತದಲ್ಲಿ ‘ಉಪಶಮನ ಹಂತ’ ಎಂದು ಬರೆದರೆ ಅದನ್ನು ಓದಿದ ಮನೆಯವರ ಎದೆ ಒಡೆಯುತ್ತದೆ. ‘ಲಕ್ಷಣಮುಕ್ತ’ ಹೇಗೆ? ಮೊತ್ತ 4 ಇದ್ದರೆ ಲಕ್ಷಣಗಳು ಪೂರ್ತಿ ಹೋಗಿಲ್ಲ ಎಂದು ಯಾರಾದರೂ ವಾದಿಸಬಹುದು, ಅದು ನ್ಯಾಯವೇ. ‘ಬಹುತೇಕ ಲಕ್ಷಣಮುಕ್ತ’ ಎಂದರೆ ಉದ್ದವಾಯಿತು. ನಿಮ್ಮಲ್ಲಿ ಚಿಕ್ಕದೊಂದು ಪದವಿದ್ದರೆ ದಯವಿಟ್ಟು ಕೊಡಿ.

‘ರಿಕವರಿ’ಯ ಗೊಂದಲಕ್ಕೆ ಒಂದು ಉದಾಹರಣೆ. ಇಂಗ್ಲೆಂಡಿನಲ್ಲಿ ಖಿನ್ನತೆ, ಆತಂಕ ಇರುವವರಿಗೆ ಮಾತಿನ ಚಿಕಿತ್ಸೆ ಕೊಡುವ ಸರ್ಕಾರಿ ಕಾರ್ಯಕ್ರಮ 2008ರಲ್ಲಿ ಶುರುವಾಯಿತು. ಅಲ್ಲಿ ಪ್ರತಿ ಭೇಟಿಯಲ್ಲೂ ಅಳೆಯುತ್ತಾರೆ. ಆತಂಕದ ಅಳತೆಯನ್ನು ಸದ್ಯಕ್ಕೆ ಬದಿಗಿಟ್ಟು ಖಿನ್ನತೆಯದ್ದನ್ನಷ್ಟೇ ನೋಡಿದರೆ, ಪಿಎಚ್‌ಕ್ಯು-9ರಲ್ಲಿ 10 ಅಥವಾ ಹೆಚ್ಚು ಇದ್ದವರು ಚಿಕಿತ್ಸೆಯ ಕೊನೆಗೆ 10ರ ಕೆಳಗೆ ಬಂದರೆ ‘ರಿಕವರಿ’. ಇದರ ಜೊತೆಗೆ ‘ರಿಲಯಬಲ್ ಇಂಪ್ರೂವ್‌ಮೆಂಟ್’ ಎಂಬ ಇನ್ನೊಂದು ಲೆಕ್ಕವಿದೆ, ಅದಕ್ಕೆ ಮೊತ್ತ ಕನಿಷ್ಠ 6 ಇಳಿದಿರಬೇಕು. ಈಗ 11ರಿಂದ 9ಕ್ಕೆ ಬಂದವರು ಮೊದಲ ಲೆಕ್ಕದಲ್ಲಿ ಗೆದ್ದರು, ಎರಡನೆಯದರಲ್ಲಿ ಇಲ್ಲ. 24ರಿಂದ 13ಕ್ಕೆ ಬಂದವರು ಎರಡನೆಯದರಲ್ಲಿ ಗೆದ್ದರು, ಮೊದಲನೆಯದರಲ್ಲಿ ಇಲ್ಲ. ಬದುಕು ಹೆಚ್ಚು ಬದಲಾದದ್ದು ಯಾರದು ಎಂದು ಯಾರನ್ನು ಕೇಳಿದರೂ ಹೇಳುತ್ತಾರೆ. ಎರಡೂ ಲೆಕ್ಕಗಳನ್ನು ಒಟ್ಟಿಗೆ ನೋಡಬೇಕೆನ್ನುವುದು ಇದಕ್ಕೇ. ಆದರೆ 11ರಿಂದ 9ಕ್ಕೆ ಬಂದದ್ದನ್ನು ಕನ್ನಡದಲ್ಲಿ ‘ಚೇತರಿಸಿಕೊಂಡರು’ ಎಂದು ಬರೆಯಲು ನನ್ನ ಕೈ ಏಳುತ್ತಿಲ್ಲ. ‘ಗಡಿಯ ಕೆಳಗೆ ಬಂದರು’ ಎಂದು ನೇರವಾಗಿ ಬರೆದುಬಿಡಲೇ?

ಆ ‘ರಿಲಯಬಲ್’ ಕೂಡ ಸರಳವಲ್ಲ. ‘ವಿಶ್ವಾಸಾರ್ಹ ಸುಧಾರಣೆ’ ಎಂದು ಬರೆದ ಕರಡನ್ನು ಓದಿದ ನರ್ಸ್ ಒಬ್ಬರು, ‘ಹಾಗಾದ್ರೆ ಉಳಿದವರು ಸುಳ್ಳು ಹೇಳ್ತಾರೆ ಅಂತಲಾ ಸರ್?’ ಎಂದು ಕೇಳಿದರು. ಕೇಳಿದ್ದು ಸರಿಯಾಗಿಯೇ ಇತ್ತು. ಜೇಕಬ್ಸನ್ ಮತ್ತು ಟ್ರುಆಕ್ಸ್ 1991ರ ಲೇಖನದಲ್ಲಿ ವಿವರಿಸಿದ ಈ ಕಲ್ಪನೆಗೂ ರೋಗಿಯ ಮಾತಿನ ನಂಬಿಕೆಗೂ ಸಂಬಂಧವಿಲ್ಲ. ಯಾವ ಪ್ರಶ್ನಾವಳಿಯಲ್ಲೂ ಒಂದೆರಡು ಆಚೀಚೆ ಆಗುವುದು ಸಹಜ, ನಿನ್ನೆ ನಿದ್ದೆ ಕೆಟ್ಟಿದ್ದರೂ ಸಾಕು. ಅಂಥ ಏರುಪೇರನ್ನು ಮೀರಿದ ಬದಲಾವಣೆಗೆ ಆ ಹೆಸರು. ‘ಅಳತೆಯ ಏರುಪೇರನ್ನು ಮೀರಿದ ಬದಲಾವಣೆ’ ಎಂದು ಒಮ್ಮೆ ಪೂರ್ತಿ ವಿವರಿಸಿ, ಮುಂದೆಲ್ಲ ‘ದಿಟವಾದ ಬದಲಾವಣೆ’ ಎನ್ನೋಣ ಎಂದುಕೊಂಡಿದ್ದೇನೆ. ‘ಖಚಿತ’ ಹಾಕಿದರೆ ಮತ್ತೆ ಆಣೆ ಪ್ರಮಾಣದ ಛಾಯೆ ಬರುತ್ತದೆ.

‘ನಾಟ್ ಆನ್ ಟ್ರ್ಯಾಕ್’ ಎಂಬ ಪಟ್ಟಿಯೊಂದು ಬರುತ್ತದೆ, ನಿರೀಕ್ಷೆಯಷ್ಟು ಸುಧಾರಿಸದವರದ್ದು. ಇದಕ್ಕೆ ‘ಹಳಿ ತಪ್ಪಿದವರು’, ‘ದಾರಿ ತಪ್ಪಿದವರು’ ಎರಡನ್ನೂ ಒಂದು ಕರಡಿನಲ್ಲಿ ನೋಡಿದೆ. ದಾರಿ ತಪ್ಪಿದ ಮಗ ಎಂದರೆ ಕನ್ನಡದಲ್ಲಿ ಏನರ್ಥ ಎಂದು ಈ ಬಳಗಕ್ಕೆ ಹೇಳಬೇಕಾಗಿಲ್ಲ. ತಪ್ಪಿರುವುದು ಚಿಕಿತ್ಸೆಯ ಲೆಕ್ಕಾಚಾರ, ಹಣೆಪಟ್ಟಿ ಮಾತ್ರ ಚಿಕಿತ್ಸೆಗೆ ಬಂದವರಿಗೆ. ‘ಚಿಕಿತ್ಸೆ ಮರುನೋಡಬೇಕಾದವರು’ ಎಂದು ಬದಲಿಸಿದ್ದೇನೆ. ಈ ಒಂದರಲ್ಲಿ ನನಗೆ ಅನುಮಾನವಿಲ್ಲ.

ಕೊನೆಯದು ಅವಸರದ್ದು. ಪಿಎಚ್‌ಕ್ಯು-9ರ ಒಂಬತ್ತನೆಯ ಪ್ರಶ್ನೆ ಸತ್ತರೇ ವಾಸಿ ಎನ್ನುವ ಅಥವಾ ತನಗೆ ತಾನೇ ಹಾನಿ ಮಾಡಿಕೊಳ್ಳುವ ಯೋಚನೆಯ ಬಗ್ಗೆ. ಅದಕ್ಕೆ 0 ಬಿಟ್ಟು ಬೇರೆ ಯಾವ ಉತ್ತರ ಬಂದರೂ, ಒಟ್ಟು ಮೊತ್ತ ಎಷ್ಟೇ ಕಡಿಮೆ ಇರಲಿ, ಆ ವ್ಯಕ್ತಿ ಹೊರಡುವ ಮುನ್ನ ಯಾರಾದರೂ ಕೂತು ಮಾತಾಡಿಸಬೇಕು. ಮೂಲದಲ್ಲಿ ಇದು ‘ಪಾಸಿಟಿವ್ ಉತ್ತರ’. ಯಂತ್ರಾನುವಾದ ಕೊಟ್ಟದ್ದು ‘ಒಂಬತ್ತನೆಯ ಪ್ರಶ್ನೆಗೆ ಸಕಾರಾತ್ಮಕ ಉತ್ತರ ಬಂದರೆ’ ಎಂದು. ಸಕಾರಾತ್ಮಕ ಎಂದರೆ ನಮ್ಮ ಓದುಗರಿಗೆ ಒಳ್ಳೆಯದು, ಆಶಾದಾಯಕ. ಆ ಸಾಲು ಓದಿದವರು ನೆಮ್ಮದಿಯಿಂದ ಮುಂದಿನ ಚೀಟಿ ಕರೆಯುತ್ತಾರೆ. ನಾನು ‘ಒಂಬತ್ತನೆಯ ಪ್ರಶ್ನೆಗೆ 1, 2 ಅಥವಾ 3 ಎಂದು ಗುರುತು ಹಾಕಿದ್ದರೆ’ ಎಂದು ಬಿಡಿಸಿ ಬರೆದಿದ್ದೇನೆ. ಪ್ರಯೋಗಾಲಯದ ವರದಿಗಳಲ್ಲಿ ‘ಪಾಸಿಟಿವ್’ ಎಂಬುದು ಹಾಗೇ ಓಡಾಡುತ್ತಿರುವುದರಿಂದ, ಇಲ್ಲೂ ‘ಪಾಸಿಟಿವ್ ಬಂದರೆ’ ಎಂದರೆ ಸಿಬ್ಬಂದಿಗೆ ಬೇಗ ಹೊಳೆಯುತ್ತದೆ ಎಂದು ವೈದ್ಯರೊಬ್ಬರ ಅಭಿಪ್ರಾಯ. ಆಸ್ಪತ್ರೆಗಳಲ್ಲಿ ದಿನವೂ ಕನ್ನಡದಲ್ಲೇ ವ್ಯವಹರಿಸುವ ಸದಸ್ಯರು ಇದನ್ನು ನಾಲ್ಕು ಜನರ ಮುಂದೆ ಓದಿ, ಅವರು ಯಾವುದನ್ನು ಹೇಗೆ ಅರ್ಥಮಾಡಿಕೊಂಡರು ಎಂದು ಬರೆದರೆ ಉಪಕಾರವಾಗುತ್ತದೆ. ಅಚ್ಚಿಗೆ ಹೋಗುವ ಮುಂಚೆ ಬೇರೆಲ್ಲಕ್ಕಿಂತ ಮೊದಲು ಇತ್ಯರ್ಥವಾಗಬೇಕಾದ ಸಾಲು ಇದು.