ಕಾಡುತೋಟ: ಗಿಡಗಳ ಪಟ್ಟಿಗಿಂತ ಮೊದಲು ನೀರು, ಬೆಳಕಿನ ಲೆಕ್ಕ

ಪ್ರಶ್ನೆ: ಮೇಡಂ, ನಮಸ್ತೆ. ನಮ್ಮ ಹತ್ತಿರ ಕಾಲು ಎಕರೆ ಖಾಲಿ ಜಾಗ ಇದೆ, ಸ್ವಲ್ಪ ಇಳಿಜಾರು. ಅದರಲ್ಲಿ ಕಾಡುತೋಟ, ಅಂದರೆ ಕಾಡಿನ ಹಾಗೆ ಮರ, ಪೊದೆ, ಬಳ್ಳಿ ಬೆರೆಸಿ ತಿನ್ನುವುದಕ್ಕೆ ಬೆಳೆಯುವ ತೋಟ, ಮಾಡಬೇಕು ಅಂತ ಆಸೆ. ಏಳು ಅಂತಸ್ತಿನಲ್ಲಿ ಗಿಡ ಹಾಕಬೇಕು ಅಂತ ಓದಿದ್ದೇನೆ. ಯಾವ ಅಂತಸ್ತಿಗೆ ಯಾವ ಗಿಡ, ಎಷ್ಟು ಅಂತ ಒಂದು ಪಟ್ಟಿ ಕೊಡ್ತೀರಾ? ಇತ್ತೀಚೆಗೆ ಮಳೆ ಬಂದರೆ ಒಂದೇ ಸಲ ಸುರಿಯುತ್ತದೆ. ಆಮೇಲೆ ವಾರಗಟ್ಟಲೆ ಹನಿಯೂ ಇಲ್ಲ. ಅದನ್ನು ತಡೆದುಕೊಳ್ಳುವ ಗಿಡ ಆದರೆ ಒಳ್ಳೆಯದು.

ಉತ್ತರ: ನಮಸ್ತೆ. ಪಟ್ಟಿ ಕೊಡುವುದು ಸುಲಭ. ಆದರೆ ಈಗಲೇ ಕೊಟ್ಟರೆ ನೀವು ನಾಳೆಯೇ ನರ್ಸರಿಗೆ ಹೋಗುತ್ತೀರಿ, ಅದು ಬೇಡ. ನೀವು ಕೊನೆಯಲ್ಲಿ ಬರೆದ ಮಳೆಯ ಮಾತಿನಿಂದಲೇ ಶುರು ಮಾಡೋಣ.

1850–1900ರ ಸರಾಸರಿಗೆ ಹೋಲಿಸಿದರೆ 2011–2020ರ ಹೊತ್ತಿಗೆ ಭೂಮಿ ಸುಮಾರು 1.1 ಡಿಗ್ರಿ ಸೆಲ್ಸಿಯಸ್ ಬಿಸಿಯಾಗಿತ್ತು. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಅದರಲ್ಲಿ ಸುಮಾರು ಶೇ. 7ರಷ್ಟು ಹೆಚ್ಚು ನೀರಾವಿ ನಿಲ್ಲಬಲ್ಲದು. ಹಾಗಾಗಿ ಮಳೆ ಸುರಿದಾಗ ಜೋರಾಗಿ ಸುರಿಯುತ್ತದೆ. ಮಳೆ ಇಲ್ಲದ ದಿನಗಳಲ್ಲಿ ಅದೇ ಬಿಸಿ ಗಾಳಿ ಮಣ್ಣಿನ ತೇವವನ್ನು ಬೇಗ ಎಳೆದುಕೊಳ್ಳುತ್ತದೆ. ಅಂದರೆ ನಿಮ್ಮ ತೋಟ ಸುರಿದ ನೀರನ್ನು ಹಿಡಿಯಬೇಕು, ಹಿಡಿದದ್ದನ್ನು ಕಾಯಬೇಕು. ಬರ ತಡೆಯುವ ಗಿಡ ಹಾಕಿದರೂ ನೀರು ಇಂಗದ ಗಟ್ಟಿ ನೆಲದಲ್ಲಿ ಅದು ಒದ್ದಾಡುತ್ತದೆ.

ಒಂದು ಜೋರು ಮಳೆಯಲ್ಲಿ ಕೊಡೆ ಹಿಡಿದು ಜಾಗದಲ್ಲಿ ಓಡಾಡಿ. ಗುಡುಗು ಸಿಡಿಲು ಇದ್ದರೆ ಮಾತ್ರ ಬೇಡ. ನೀರು ಎಲ್ಲಿಂದ ಒಳಗೆ ಬರುತ್ತದೆ, ಎಲ್ಲಿ ನಿಲ್ಲುತ್ತದೆ, ಎಲ್ಲಿ ಮಣ್ಣನ್ನೂ ಎಳೆದುಕೊಂಡು ಹೊರಗೆ ಹೋಗುತ್ತದೆ ನೋಡಿ. ಅಲ್ಲಲ್ಲಿ ಗೂಟ ಹೊಡೆದು ಗುರುತು ಮಾಡಿ. ಕಾಲು ಎಕರೆ ಅಂದರೆ ಸುಮಾರು 1,000 ಚದರ ಮೀಟರ್. ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. 50 ಮಿಲಿಮೀಟರ್ ಸುರಿದರೆ ನಿಮ್ಮ ಜಾಗದ ಮೇಲೆ 50,000 ಲೀಟರ್ ಬಿದ್ದಿರುತ್ತದೆ! ಅದರಲ್ಲಿ ಎಷ್ಟು ಬೇಲಿ ದಾಟಿ ಹೋಯಿತು ಅನ್ನುವುದರ ಮೇಲೆ ಮುಂದಿನದ್ದೆಲ್ಲ ನಿಂತಿದೆ.

ಇಳಿಜಾರು ಕಡಿಮೆ ಇದ್ದರೆ ಅದಕ್ಕೆ ಅಡ್ಡವಾಗಿ, ಒಂದೇ ಮಟ್ಟದಲ್ಲಿ ಸಾಗುವ ಇಂಗು ಕಾಲುವೆ ತೆಗೆಯಿರಿ. ಮಟ್ಟ ಹಿಡಿಯಲು ದುಬಾರಿ ಉಪಕರಣ ಬೇಡ. ಮೂರು ಕೋಲು ಕಟ್ಟಿ 'ಎ' ಆಕಾರ ಮಾಡಿ, ನಡುವೆ ದಾರದಲ್ಲಿ ಕಲ್ಲು ತೂಗಿಬಿಟ್ಟರೆ ಸಾಕು. ಕಾಲುವೆ ಒಂದಡಿ ಆಳ ಇದ್ದರೆ ನಡೆಯುತ್ತದೆ. ತೆಗೆದ ಮಣ್ಣನ್ನು ಕೆಳಗಿನ ಬದಿಗೆ ಹಾಕಿ ಬದು ಮಾಡಿ. ಮರಗಳನ್ನು ಆ ಬದುವಿನ ಕೆಳಮಗ್ಗುಲಲ್ಲಿ ನೆಡಿ. ತುಂಬಿದ ಮೇಲೆ ಹೆಚ್ಚಿನ ನೀರು ಹೊರಗೆ ಹೋಗಲು ಒಂದು ಕಡೆ ಕಲ್ಲು ಹಾಸಿದ ಕೋಡಿ ಇರಲೇಬೇಕು. ಕೋಡಿ ಇಲ್ಲದ ಬದು ಮೊದಲ ದೊಡ್ಡ ಮಳೆಗೇ ಒಡೆಯುತ್ತದೆ. ಇಳಿಜಾರು ತೀರಾ ಕಡಿದಾಗಿದ್ದರೆ, ಅಥವಾ ಕೆಳಗೆ ಮನೆ ಇದ್ದರೆ, ಈ ಕಾಲುವೆ ಬೇಡ. ನೀರು ತುಂಬಿದ ಮಣ್ಣು ಜಾರುವ ಅಪಾಯ ಇದೆ. ಅಲ್ಲಿ ಒಂದೊಂದು ಗಿಡಕ್ಕೂ ಅರ್ಧ ಚಂದ್ರದ ಆಕಾರದ ಪುಟ್ಟ ಬದು ಸಾಕು, ಉಳಿದ ನೆಲಕ್ಕೆ ಬೇರು ಬಲವಾಗಿರುವ ಹುಲ್ಲು.

ಇನ್ನು ಆ ಏಳು ಅಂತಸ್ತು. ಎತ್ತರದ ಮರ, ಗಿಡ್ಡ ಮರ, ಪೊದೆ, ಸೊಪ್ಪಿನ ಗಿಡ, ನೆಲಕ್ಕೆ ಹಬ್ಬುವುದು, ಗೆಡ್ಡೆ, ಬಳ್ಳಿ. ಈ ವಿಂಗಡಣೆಯನ್ನು ಜನಪ್ರಿಯ ಮಾಡಿದವರು ಇಂಗ್ಲೆಂಡಿನ ರಾಬರ್ಟ್ ಹಾರ್ಟ್. ಶ್ರಾಪ್‌ಶೈರ್‌ನ ವೆನ್‌ಲಾಕ್ ಎಡ್ಜ್‌ನಲ್ಲಿ ಒಂದು ಹಳೆಯ ಸೇಬಿನ ತೋಪಿನಲ್ಲಿ ಅವರು ಇದನ್ನು ಮಾಡಿ ತೋರಿಸಿದರು. ಅವರ ಜಾಗ ಎಕರೆಯ ಎಂಟನೇ ಒಂದು ಭಾಗದಷ್ಟು, ನಿಮ್ಮದಕ್ಕಿಂತ ಚಿಕ್ಕದು. ಆದರೆ ಪದ್ಧತಿ ಅವರಿಗಿಂತ ಎಷ್ಟೋ ಹಳೆಯದು. ಕೇರಳ, ಜಾವಾ, ಆಫ್ರಿಕಾದ ಕಿಲಿಮಂಜಾರೋ ಬೆಟ್ಟದ ಚಗ್ಗಾ ಜನರ ಮನೆತೋಟಗಳು ತಲೆಮಾರುಗಳಿಂದ ಹೀಗೇ ಇವೆ. ಕೇರಳದ ತೋಟಗಳಿಂದ ಹಾರ್ಟ್ ಕಲಿತಿದ್ದರು ಕೂಡ.

ಏಳೂ ಅಂತಸ್ತು ಎಲ್ಲ ಕಡೆ ತುಂಬಲೇಬೇಕು ಅಂತ ಎಲ್ಲೂ ಇಲ್ಲ. ಕೆಳಗಿನ ಗಿಡಕ್ಕೆ ಬೆಳಕು ತಲುಪಬೇಕು, ಅಷ್ಟೆ. ಸಮಭಾಜಕದ ಹತ್ತಿರ ಸೂರ್ಯ ನೆತ್ತಿಯ ಮೇಲೆ ಬರುವುದರಿಂದ ಹೆಚ್ಚು ಅಂತಸ್ತು ಸಾಧ್ಯ. ದೂರ ಹೋದಂತೆ ಬಿಸಿಲು ಓರೆಯಾಗಿ ಬೀಳುತ್ತದೆ, ನೆರಳು ಉದ್ದವಾಗುತ್ತದೆ. ಅಲ್ಲಿ ಮೂರು ನಾಲ್ಕು ಅಂತಸ್ತು ಚೆನ್ನಾಗಿ ಆದರೆ ಸಂತೋಷ ಪಡಿ. ಉತ್ತರ ಗೋಳಾರ್ಧದಲ್ಲಿ ಎತ್ತರದ ಮರಗಳನ್ನು ಉತ್ತರದ ಅಂಚಿಗೆ ಇಡಿ, ದಕ್ಷಿಣ ಗೋಳಾರ್ಧದಲ್ಲಿ ದಕ್ಷಿಣದ ಅಂಚಿಗೆ.

ಮೊದಲು ಕೇಳಿದ ಸದಸ್ಯರು: ತುಂಬಾ ಥ್ಯಾಂಕ್ಸ್ ಮೇಡಂ. ಹಾಗಾದರೆ ಈ ವರ್ಷ ಏನೂ ನೆಡಬಾರದಾ?

ಉತ್ತರ: ನೆಡಿ, ಧಾರಾಳವಾಗಿ ನೆಡಿ. ನೀರಿನ ಕೆಲಸ ಮುಗಿದ ಕಡೆ ಮೊದಲು ಬೇಗ ಬೆಳೆಯುವ ಸಾಕುಗಿಡಗಳನ್ನು, ಅಂದರೆ ಹಣ್ಣಿನ ಸಸಿಗೆ ನೆರಳು, ಗೊಬ್ಬರ ಕೊಟ್ಟು ಸಾಕುವ ಗಿಡಗಳನ್ನು ಹಾಕಿ. ತೊಗರಿ, ಗ್ಲಿರಿಸಿಡಿಯಾ ಥರದವು ಬಿಸಿ ಪ್ರದೇಶಕ್ಕೆ, ಆಲ್ಡರ್ ಥರದವು ಚಳಿ ಪ್ರದೇಶಕ್ಕೆ. ಇವುಗಳ ಬೇರಿನ ಗಂಟಿನಲ್ಲಿರುವ ಸೂಕ್ಷ್ಮಜೀವಿಗಳು ಗಾಳಿಯ ಸಾರಜನಕವನ್ನು ಹಿಡಿದು ಕೊಡುತ್ತವೆ. ಆದರೆ ಸುಮ್ನೆ ಪಕ್ಕದಲ್ಲಿ ನಿಂತರೆ ಪಕ್ಕದ ಗಿಡಕ್ಕೆ ಸಿಗುವುದು ಕಡಿಮೆ. ಕೊಂಬೆ ಸವರಿ ಸೊಪ್ಪನ್ನು ಬುಡಕ್ಕೆ ಹಾಕಬೇಕು, ಆಗ ಅದು ಕೊಳೆತು ಸಿಗುತ್ತದೆ. ಇವುಗಳ ನೆರಳಿನಲ್ಲಿ ಹಣ್ಣಿನ ಸಸಿ ಎದ್ದು ನಿಂತ ಮೇಲೆ ಇವನ್ನು ಒಂದೊಂದಾಗಿ ತೆಗೆಯುತ್ತಾ ಬನ್ನಿ.

ಇದೇ ಕೆಲಸಕ್ಕೆ ಹಾಕುವ ಸುಬಾಬುಲ್ ಮರದ ಬಗ್ಗೆ ಮಾತ್ರ ಎಚ್ಚರ. ಬೀಜ ಬಿದ್ದಲ್ಲೆಲ್ಲ ಏಳುತ್ತದೆ. ಜಗತ್ತಿನ 100 ಕೆಟ್ಟ ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿ ಅದರ ಹೆಸರಿದೆ.

ಮತ್ತೊಬ್ಬ ಸದಸ್ಯರು: ಒಂದು ಮಾತು ಸೇರಿಸಲಾ? ನಾವು ಒಂದು ಮೀಟರಿಗೆ ಒಂದರಂತೆ ಒತ್ತಾಗಿ ಸಸಿ ನೆಟ್ಟೆವು. ಎರಡೇ ವರ್ಷದಲ್ಲಿ ಕಾಡಿನ ಹಾಗೆ ಆಗಿದೆ, ನೋಡಲು ಚಂದ. ಆದರೆ ಹಣ್ಣೇ ಇಲ್ಲ. ಎಲೆಯ ಮೇಲೆಲ್ಲ ಬೂದಿ ರೋಗ.

ಉತ್ತರ: ಸೇರಿಸಿದ್ದು ಒಳ್ಳೆಯದಾಯಿತು ಸರ್. ಒತ್ತಾಗಿ ನೆಟ್ಟು ಬೇಗ ಕಾಡು ಮಾಡುವುದು ಬೇರೆ ಉದ್ದೇಶದ ಪದ್ಧತಿ. ಬೋಳು ನೆಲಕ್ಕೆ ಮರ ಬರಬೇಕು, ಹಕ್ಕಿ ಬರಬೇಕು ಅಂದರೆ ಅದು ಸರಿ. ತಿನ್ನುವುದಕ್ಕೆ ಬೆಳೆಯುವವರಿಗೆ ಅದು ಆಗಿ ಬರುವುದಿಲ್ಲ. ಗಿಡಗಳು ಬೆಳಕಿಗಾಗಿ ಪೈಪೋಟಿಗೆ ಬಿದ್ದು ಉದ್ದಕ್ಕೆ ಹೋಗುತ್ತವೆ, ಹೂ ಬಿಡುವುದಿಲ್ಲ. ಗಾಳಿ ಆಡದೆ ತೇವ ನಿಂತು ಶಿಲೀಂಧ್ರ ರೋಗ ಬರುತ್ತದೆ.

ಕಾಡುತೋಟ ಅಂದರೆ ದಟ್ಟ ಕಾಡಲ್ಲ. ಕಾಡಿನ ಅಂಚು. ಮರವೂ ಇದೆ, ಮರಗಳ ನಡುವೆ ಬೆಳಕೂ ಇದೆ. ನಾನು ಲೆಕ್ಕ ಹಾಕುವುದು ಹೀಗೆ: ಮರ ಪೂರ್ತಿ ಬೆಳೆದಾಗ ಅದರ ನೆತ್ತಿ ಎಷ್ಟು ಅಗಲ ಹರಡುತ್ತದೋ ಅದಕ್ಕೆ ಕಾಲು ಭಾಗದಿಂದ ಅರ್ಧ ಭಾಗ ಸೇರಿಸಿ ಅಂತರ ಬಿಡುತ್ತೇನೆ. 6 ಮೀಟರ್ ಹರಡುವ ಎರಡು ಮರಗಳ ನಡುವೆ 7.5–9 ಮೀಟರ್. ಸಸಿ ಚಿಕ್ಕದಿರುವಾಗ ಈ ಜಾಗ ವಿಪರೀತ ಜಾಸ್ತಿ ಅನ್ನಿಸುತ್ತದೆ. ಅನ್ನಿಸಲಿ. ಅಷ್ಟು ವರ್ಷ ಅಲ್ಲಿ ತರಕಾರಿ, ಕಾಳು, ಗೆಡ್ಡೆ ಬೆಳೆಯಿರಿ.

ನಿಮ್ಮ ತೋಟವನ್ನು ಈಗಲೂ ಸರಿ ಮಾಡಬಹುದು. ಚೆನ್ನಾಗಿ ಬಂದಿರುವ ಹಣ್ಣಿನ ಗಿಡಗಳಿಗೆ ಗುರುತು ಹಾಕಿ. ಅವುಗಳ ಸುತ್ತಲಿನದನ್ನು ಎರಡು ಮೂರು ಹಂತದಲ್ಲಿ ಕಡಿಯಿರಿ. ಒಂದೇ ಸಲ ಕಡಿದರೆ ತೆಳ್ಳಗೆ ಬೆಳೆದ ಕಾಂಡಗಳು ಗಾಳಿಗೆ ಬಾಗುತ್ತವೆ, ತೊಗಟೆ ಬಿಸಿಲಿಗೆ ಸುಡುತ್ತದೆ. ರೋಗ ಬಂದ ಎಲೆ, ಕಡ್ಡಿಯನ್ನು ತೋಟದಿಂದ ಹೊರಗೆ ಹಾಕಿ. ಉಳಿದದ್ದೆಲ್ಲ ಮುಚ್ಚಿಗೆಗೆ, ಅಂದರೆ ತೇವ ಉಳಿಯಲು ಮಣ್ಣಿನ ಮೇಲೆ ಹೊದಿಸುವುದಕ್ಕೆ, ಬರುತ್ತದೆ.

ಪ್ರಶ್ನೆ: ಮೇಡಂ, ನೇರವಾಗಿ ಕೇಳ್ತೀನಿ, ಬೇಜಾರಾಗಬೇಡಿ. ಇದರಿಂದ ಹೊಟ್ಟೆ ತುಂಬುತ್ತಾ? ಅಕ್ಕಿ, ಗೋಧಿ ಮರದಲ್ಲಿ ಬಿಡಲ್ಲ ಅಲ್ವಾ?

ಉತ್ತರ: ಬೇಜಾರು ಯಾಕೆ, ಎಲ್ಲರೂ ಕೇಳಲೇಬೇಕಾದ ಪ್ರಶ್ನೆ ಇದು. ಏಕದಳ ಧಾನ್ಯಗಳಿಗೆ ತೆರೆದ ಬಿಸಿಲು ಬೇಕು. ಕಾಡುತೋಟ ಅವುಗಳ ಜಾಗ ತುಂಬುವುದಿಲ್ಲ. ಹಣ್ಣು, ಸೊಪ್ಪು, ಬೀಜ, ಗೆಡ್ಡೆ, ಸೌದೆ, ಮೇವು, ಜೇನು ಸಿಗುತ್ತವೆ. ಬಾಳೆ, ಹಲಸು, ದೀವಿಹಲಸು ಬೆಳೆಯುವ ಕಡೆ ಹೊಟ್ಟೆ ತುಂಬುವಷ್ಟು ಪಿಷ್ಟವೂ ಮರದಿಂದಲೇ ಬರುತ್ತದೆ. ಚಳಿ ಪ್ರದೇಶದಲ್ಲಿ ಚೆಸ್ಟ್‌ನಟ್ ಆ ಕೆಲಸ ಮಾಡುತ್ತದೆ. ಉಳಿದ ಕಡೆ ಧಾನ್ಯಕ್ಕೆ ಹೊಲ ಇರಲಿ, ಹೊಲದ ನಡುವೆ ದೂರ ದೂರಕ್ಕೆ ಮರದ ಸಾಲು ಇರಲಿ.

ಇಳುವರಿಯನ್ನು ಒಂದೇ ಬೆಳೆಯ ತೂಕದಲ್ಲಿ ಅಳೆದರೆ ಮಿಶ್ರ ತೋಟ ಯಾವಾಗಲೂ ಸೋಲುತ್ತದೆ. ಅಳೆಯುವ ಸರಿಯಾದ ದಾರಿ ಬೇರೆ ಇದೆ. ಒಂದು ಎಕರೆ ಮಿಶ್ರ ತೋಟ ಕೊಟ್ಟ ಎಲ್ಲ ಫಸಲನ್ನೂ ಬೇರೆ ಬೇರೆಯಾಗಿ ಬೆಳೆಯಲು ಎಷ್ಟು ಎಕರೆ ಬೇಕಾಗುತ್ತಿತ್ತು ಅಂತ ನೋಡಬೇಕು. 1.2 ಎಕರೆ ಬೇಕು ಅಂತ ಬಂದರೆ ನಿಮಗೆ 20 ಸೆಂಟ್ಸ್ ನೆಲ ಉಳಿದ ಹಾಗೆ. ಒಂದಕ್ಕಿಂತ ಕಡಿಮೆ ಬಂದರೆ ಆ ಜೋಡಣೆ ಸರಿಯಿಲ್ಲ, ಬದಲಿಸಿ.

ಮರ ಫಸಲಿಗೆ ಬರುವ ತನಕದ ವರ್ಷಗಳ ಯೋಚನೆಯೂ ಇರಲಿ. ಇದರ ಮೇಲೇ ಪೂರ್ತಿ ನೆಚ್ಚಿಕೊಂಡು ಇರುವ ಸಂಪಾದನೆ ಬಿಡಬೇಡಿ.

ಇನ್ನೊಬ್ಬರ ಪ್ರಶ್ನೆ: ನಮ್ಮದು ಒಣ ಭೂಮಿ. ಬೋರ್ ಇಲ್ಲ, ಮಣ್ಣು ಕಲ್ಲಿನ ಹಾಗೆ ಗಟ್ಟಿ. ಪ್ರತಿ ಮಳೆಗಾಲಕ್ಕೆ ಸಸಿ ತಂದು ನೆಡುತ್ತೇವೆ, ಬೇಸಿಗೆಗೆ ಎಲ್ಲ ಒಣಗುತ್ತವೆ. ಬಿಟ್ಟುಬಿಡೋಣ ಅನ್ನಿಸಿದೆ.

ಉತ್ತರ: ಬಿಡಬೇಡಿ. ಸಸಿ ತರುವುದನ್ನು ಮಾತ್ರ ಸದ್ಯಕ್ಕೆ ನಿಲ್ಲಿಸಿ. ನಿಮ್ಮ ನೆಲದಲ್ಲಿ ಮೊಣಕಾಲೆತ್ತರದ ಕುರುಚಲು ಗಿಡಗಳಿವೆಯಾ? ಪ್ರತಿ ವರ್ಷ ಕಡಿದರೂ, ದನ ಮೇಯ್ದರೂ ಮತ್ತೆ ಚಿಗುರುವಂಥವು? ಹೋಗಿ ಅವುಗಳ ಬುಡ ನೋಡಿ.

ಆಫ್ರಿಕಾದ ನೈಜರ್ ದೇಶದಲ್ಲಿ ಆಗಿದ್ದೂ ಇದೇ. ಆಸ್ಟ್ರೇಲಿಯಾದ ಟೋನಿ ರಿನಾಡೋ ಅಲ್ಲಿ ಸಸಿ ನೆಡಿಸುತ್ತಿದ್ದರು. ಹೆಚ್ಚಿನವು ಸಾಯುತ್ತಿದ್ದವು. 1983ರಲ್ಲಿ ಅವರಿಗೆ ಹೊಳೆಯಿತು: ಹೊಲದಲ್ಲಿ ಕಾಣುವ ಪೊದೆಗಳು ಪೊದೆಗಳೇ ಅಲ್ಲ, ಹಿಂದೆ ಕಡಿದ ಮರಗಳ ಬೊಡ್ಡೆಯ ಚಿಗುರು. ಕೆಳಗೆ ಬೇರು ಜೀವಂತ ಇದೆ. ಒಂದೊಂದು ಬೊಡ್ಡೆಯಲ್ಲಿ ಗಟ್ಟಿಯಾದ ಕೆಲವು ಚಿಗುರು ಬಿಟ್ಟು ಉಳಿದದ್ದನ್ನು ಸವರಿದರು, ದನದಿಂದ ಕಾದರು. ಆ ಮರಗಳಿಗೆ ನೀರು ಹಾಕುವ ಅಗತ್ಯವೇ ಬರಲಿಲ್ಲ, ಆಳದ ಬೇರು ಮೊದಲೇ ಇತ್ತು. ಆ ದೇಶದ ರೈತರು ಈ ರೀತಿ ಸುಮಾರು 50 ಲಕ್ಷ ಹೆಕ್ಟೇರ್‌ನಲ್ಲಿ ಮರ ಬೆಳೆಸಿದರು.

ಬೊಡ್ಡೆಯೂ ಇಲ್ಲದ ಗಟ್ಟಿ ನೆಲವಾದರೆ ಪಕ್ಕದ ಬುರ್ಕಿನಾ ಫಾಸೋದ ರೈತ ಯಾಕೂಬಾ ಸವಡೋಗೋ ಅವರ ದಾರಿ ಇದೆ. ಅಲ್ಲಿ 'ಜಾಯ್' ಅನ್ನುವ ಹಳೆಯ ಗುಂಡಿ ಪದ್ಧತಿ ಇತ್ತು. ಅವರು ಆ ಗುಂಡಿಗಳನ್ನು ದೊಡ್ಡದು ಮಾಡಿದರು. ಬೇಸಿಗೆಯಲ್ಲೇ ತೋಡಿ ಗೊಬ್ಬರ, ತರಗೆಲೆ ತುಂಬಿದರು. ಅದನ್ನು ತಿನ್ನಲು ಗೆದ್ದಲು ಬಂದವು. ಗೆದ್ದಲು ಕೊರೆದ ದಾರಿಯಲ್ಲಿ ಮಳೆನೀರು ಆಳಕ್ಕೆ ಇಳಿಯಿತು. ಗುಂಡಿಯಲ್ಲಿ ಧಾನ್ಯ ಬೆಳೆಯಿತು, ಗೊಬ್ಬರದಲ್ಲಿದ್ದ ಬೀಜದಿಂದ ಮರವೂ ಎದ್ದಿತು. ಬೋಳಾಗಿದ್ದ ನೆಲದಲ್ಲಿ 20 ಹೆಕ್ಟೇರ್‌ಗಿಂತ ದೊಡ್ಡ ಕಾಡು ಬಂತು. ಇಬ್ಬರಿಗೂ 2018ರಲ್ಲಿ ರೈಟ್ ಲೈವ್ಲಿಹುಡ್ ಪ್ರಶಸ್ತಿ ಸಿಕ್ಕಿತು.

ನೀವೂ ಬೇಸಿಗೆಯಲ್ಲೇ ಗುಂಡಿ ತೋಡಿ. ಒಂದಡಿ ಅಗಲ, ಮುಕ್ಕಾಲು ಅಡಿ ಆಳ ಸಾಕು. ಪ್ರತಿ ಗುಂಡಿಗೆ ಎರಡು ಮೂರು ಹಿಡಿ ಗೊಬ್ಬರ. ಸಸಿಯ ಬದಲು ಆ ಸೀಮೆಯದೇ ಮರದ ಬೀಜ ಊರಿ. ಬೀಜದಿಂದ ಅಲ್ಲೇ ಹುಟ್ಟಿದ ಗಿಡದ ತಾಯಿಬೇರು ಚೀಲದಲ್ಲಿ ಸುತ್ತಿಕೊಳ್ಳುವುದಿಲ್ಲ, ನೇರ ಕೆಳಗೆ ಇಳಿಯುತ್ತದೆ. ಮೊದಲ ವರ್ಷ ಮೇಲೆ ಗೇಣುದ್ದ ಕಂಡರೂ ಚಿಂತೆ ಬೇಡ, ಗಿಡ ಬೇರಿನ ಕಡೆ ಬೆಳೆಯುತ್ತಿರುತ್ತದೆ.

ಪ್ರಶ್ನೆ: ಮುಂದೆ ಸೆಕೆ ಇನ್ನೂ ಜಾಸ್ತಿ ಆಗುತ್ತದೆ ಅಂತಾರೆ. ಹಾಗಾದರೆ ಈಗಲೇ ಬಿಸಿ ಸೀಮೆಯ ತಳಿ ತಂದು ಹಾಕುವುದು ಜಾಣತನ ಅಲ್ವಾ?

ಉತ್ತರ: ಸ್ವಲ್ಪ ಹಾಕಿ, ಎಲ್ಲವನ್ನೂ ಅದೇ ಹಾಕಬೇಡಿ. ಸರಾಸರಿ ಬಿಸಿ ಏರಿದರೂ ಹಿಮ ಬೀಳುವ ರಾತ್ರಿ ಪೂರ್ತಿ ನಿಂತುಹೋಗುವುದಿಲ್ಲ. ಸೇಬನ್ನೇ ನೋಡಿ. ಅದಕ್ಕೆ ಚಳಿಗಾಲದಲ್ಲಿ ಇಂತಿಷ್ಟು ಗಂಟೆ ಚಳಿ ಬೇಕು, ಆಮೇಲೇ ಮೊಗ್ಗು ಎಚ್ಚರವಾಗುವುದು. ಹಲವು ತಳಿಗೆ ಸುಮಾರು 7 ಡಿಗ್ರಿಗಿಂತ ಕೆಳಗೆ 800–1,000 ಗಂಟೆ ಬೇಕು. ಚಳಿಗಾಲ ಬೆಚ್ಚಗಾದರೆ ಹೂ ಸರಿಯಾಗಿ ಬರುವುದಿಲ್ಲ. ಅದಕ್ಕಾಗಿ ಕಡಿಮೆ ಚಳಿ ಸಾಕಾಗುವ ತಳಿ ತಂದರೆ ಅದು ಬೇಗ ಹೂ ಬಿಟ್ಟು, ತಡವಾಗಿ ಬಂದ ಹಿಮಕ್ಕೆ ಸಿಕ್ಕಿಬೀಳಬಹುದು.

ಅದಕ್ಕೆ ನನ್ನ ಸಲಹೆ, ಬೇರೆ ಬೇರೆ ಕಾರಣಕ್ಕೆ ಸೋಲುವ ಗಿಡಗಳನ್ನು ಜೊತೆ ಮಾಡಿ. ಇಪ್ಪತ್ತು ಜಾತಿ ನೆಟ್ಟು, ಇಪ್ಪತ್ತೂ ಒಂದೇ ವಾರದಲ್ಲಿ ಹೂ ಬಿಟ್ಟರೆ ಅಕಾಲದ ಒಂದು ಮಳೆ ಸಾಕು, ವರ್ಷವೇ ಹೋಯಿತು. ಮುಂಚೆ ಹೂ ಬಿಡುವುದು, ತಡವಾಗಿ ಬಿಡುವುದು, ಹಣ್ಣಿಗಾಗಿ ಬೆಳೆಯುವುದು, ಹೂವಿನ ಹಂಗಿಲ್ಲದೆ ಎಲೆ ಕೊಡುವುದು, ನೆಲದೊಳಗೆ ಗೆಡ್ಡೆ ಕಟ್ಟುವುದು, ಎಲ್ಲ ಇರಲಿ. ಒಂದೇ ಹಣ್ಣಿನಲ್ಲೂ ಕಸಿ ಗಿಡದ ಜೊತೆ ಬೀಜದ ಗಿಡ ಕೆಲವಿರಲಿ. ಕಸಿಯವು ಎಲ್ಲ ಒಂದೇ ಗುಣದವು, ಬೀಜದವು ಒಂದೊಂದು ಒಂದೊಂದು ಥರ.

ತರಕಾರಿಗೆ ಸೆಕೆಯ ಏಟು ಈಗಲೇ ಕಾಣುತ್ತಿದೆ. ಹಗಲು 35 ಡಿಗ್ರಿ ಮೀರಿದರೆ ಟೊಮೆಟೊ ಹೂವು ಉದುರುತ್ತದೆ. ಮಧ್ಯಾಹ್ನದ ನಂತರ ತೆಳು ನೆರಳು ಬೀಳುವ ಹಾಗೆ ಪಶ್ಚಿಮಕ್ಕೆ ಚಿಕ್ಕ ಎಲೆಯ ಮರ ಇಟ್ಟುಕೊಂಡರೆ ಸೊಪ್ಪು, ಟೊಮೆಟೊ ಎರಡಕ್ಕೂ ಉಸಿರು ಬರುತ್ತದೆ. ನುಗ್ಗೆಯಂಥ ಮರದ ನೆರಳು ಇದಕ್ಕೆ ಹೇಳಿ ಮಾಡಿಸಿದ್ದು.

ಪ್ರಶ್ನೆ: ಮುಚ್ಚಿಗೆ ಎಷ್ಟು ದಪ್ಪ ಹಾಕಬೇಕು ಮೇಡಂ? ಮರದ ಪುಡಿ, ಚೂರು ಹಾಕಿದರೆ ಮಣ್ಣಿನ ಸಾರಜನಕ ಹೋಗುತ್ತೆ ಅಂತಾರೆ.

ಉತ್ತರ: 8–10 ಸೆಂಟಿಮೀಟರ್ ಸಾಕು. ಕಾಂಡಕ್ಕೆ ತಾಗಿಸಬೇಡಿ, ಸುತ್ತ ಒಂದು ಗೇಣು ಬಿಡಿ. ಇಲ್ಲದಿದ್ದರೆ ತೊಗಟೆ ಕೊಳೆಯುತ್ತದೆ, ಗೆದ್ದಲು ಏರುತ್ತದೆ. ಮರದ ಚೂರನ್ನು ಮಣ್ಣಿಗೆ ಬೆರೆಸಿದರೆ ನೀವು ಹೇಳಿದ್ದು ನಿಜ, ಮೇಲೆ ಹರಡಿದರೆ ಅದರ ಪರಿಣಾಮ ಮೇಲಿನ ತೆಳು ಪದರಕ್ಕಷ್ಟೇ. ಒಣ ನೆಲಕ್ಕೆ ಮುಚ್ಚಿಗೆ ಹಾಕಬೇಡಿ, ಚೆನ್ನಾಗಿ ನೆನೆದ ಮೇಲೆ ಹಾಕಿ. ಬೆಂಕಿಯ ಭಯ ಇರುವ ಕಡೆ ಮನೆಯ ಗೋಡೆಯ ಹತ್ತಿರ ತರಗೆಲೆ ಬೇಡ, ಅಲ್ಲಿ ಹಸಿ ಸೊಪ್ಪಿನ ಪಾತಿ ಇರಲಿ.

ಕಾಲು ಎಕರೆಯವರೇ, ಮಳೆಯಲ್ಲಿ ಗೂಟ ಹೊಡೆದ ಮೇಲೆ ಜಾಗದ ಒಂದು ನಕ್ಷೆ ಬರೆದು ಇಲ್ಲೇ ಹಾಕಿ. ದಿಕ್ಕು, ಇಳಿಜಾರು, ನೀರು ನಿಲ್ಲುವ ಕಡೆ ಗುರುತಿಸಿ. ಗಿಡದ ಪಟ್ಟಿ ಆಗ ಒಟ್ಟಿಗೆ ಕೂತು ಮಾಡೋಣ.